ನೀಲವ್ವನ ಮನೆಯ ಮೂರು ಗಂಡಸರು

ನೀಲವ್ವನ ಬಾಯಲ್ಲಿ ಯಾವುದೂ ಆರುತ್ತಿರಲಿಲ್ಲ, ಒಡೆಯುತ್ತಿರಲಿಲ್ಲ, ಮುಗಿಯುತ್ತಿರಲಿಲ್ಲ. ಡಬ್ಬಿಯ ತಳ ಕಂಡಾಗ "ಅಕ್ಕಿ ಹೆಚ್ಚ್ಯಾವ್ರಿ" ಎನ್ನುತ್ತಿದ್ದಳು. ಬಕೆಟ್ಟಿಗೆ ಕೈ ತಾಗಿ ಬಳೆ ಚೂರಾದರೂ "ಬಳಿ ಹೆಚ್ಚಿದ್ವು" ಎಂದೇ ಹೇಳುತ್ತಿದ್ದಳು. ದೀಪವನ್ನು ಆರಿಸು ಎನ್ನುವುದು ನಮ್ಮ ಕಡೆ ಅಪಶಕುನ, ದೊಡ್ಡದು ಮಾಡು ಎನ್ನಬೇಕು. ಹುಬ್ಬಳ್ಳಿಯಲ್ಲಿ ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ಆದರೆ ಅಜ್ಜಿ ಆ ಮರ್ಯಾದೆಯನ್ನು ದೇವರ ಮುಂದಿನ ದೀಪಕ್ಕೆ ಮಾತ್ರ ಕೊಟ್ಟಿದ್ದಳು. ನೀಲವ್ವ ಅದನ್ನು ಟ್ಯೂಬ್‌ಲೈಟಿಗೆ, ಫ್ಯಾನಿಗೆ, ಗ್ಯಾಸಿಗೆ, ನಲ್ಲಿಗೆ, ಎಲ್ಲಕ್ಕೂ ಹಂಚಿಬಿಟ್ಟಿದ್ದಳು. ಒಮ್ಮೆ ಕೆಳಗಿನ ಮನೆಯ ಹುಡುಗಿಯರಿಗೆ "ಆ ಟೀವಿ ದೊಡ್ಡದ ಮಾಡ್ರೆವಾ, ತಲಿ ನೋಯಾಕತ್ತೈತಿ" ಎಂದು ಗ್ಯಾಲರಿಯಿಂದ ಕೂಗಿದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಆ ಹುಡುಗಿಯರು ಅಜ್ಜಿಗೂ ಹಾಡು ಬೇಕಾಗಿದೆ ಎಂದುಕೊಂಡು ಸದ್ದು ಇನ್ನೂ ಜೋರು ಮಾಡಿದರು. ಇಡೀ ಚಾಳು ನಕ್ಕಿತು, ನೀಲವ್ವನೂ ನಕ್ಕಳು.

ಇಂಡಿ ತಾಲೂಕಿನವಳು. ಮದುವೆಯಾದ ಹೊಸದರಲ್ಲಿ ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆ ಬಂದವಳು, ಗಂಡ ಹೋದ ಮೇಲೂ ಇಲ್ಲೇ ಉಳಿದಳು. ನಾನು ನೋಡುವ ಹೊತ್ತಿಗೆ ಅರವತ್ತರ ಆಸುಪಾಸು. ಸ್ಟೇಷನ್ನಿನ ಹತ್ತಿರ ಚಪಾತಿ, ಪಲ್ಯ ಮಾರುವ ಒಂದು ಪೋಳಿ-ಭಾಜಿ ಕೇಂದ್ರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ರಸ್ತೆಯಲ್ಲಿ ನನ್ನ ಜೊತೆ ನಡೆಯುವಾಗ ಯಾವುದಾದರೂ ಎತ್ತರದ ಬಿಲ್ಡಿಂಗನ್ನು ತೋರಿಸಿ "ಇದರ ಇಟ್ಟಂಗಿ ನಾನ ಹೊತ್ತೀನ್ರಿ" ಎನ್ನುತ್ತಿದ್ದಳು. ಆಕೆ ಹೇಳಿದ್ದನ್ನೆಲ್ಲ ನಂಬಿದರೆ ಮುಲುಂಡ್ ಪಶ್ಚಿಮದ ಅರ್ಧ ಭಾಗ ಅವಳ ತಲೆಯ ಮೇಲಿಂದಲೇ ಎದ್ದಿರಬೇಕು.

ಆಫೀಸು ಘಾಟ್ಕೋಪರಿಗೆ ಸ್ಥಳಾಂತರವಾದಾಗ ನಾನು ಮುಲುಂಡಿನ ಆ ಹಳೆಯ ಚಾಳಿಗೆ ಬಂದೆ. ನನ್ನ ಕೋಣೆಗೂ ಅವಳ ಕೋಣೆಗೂ ನಡುವೆ ಗೋಡೆ ಎಂಬ ಹೆಸರಿನ ಒಂದು ಹಲಗೆಯಿತ್ತು. ಅವಳು ಸಾಸಿವೆ ಸಿಡಿಸಿದರೆ ನನಗೆ ಸೀನು ಬರುತ್ತಿತ್ತು. ಸಂಜೆ ನಾನು ಲೋಕಲ್ ಇಳಿದು ಬಂದು ಚಹಾಕ್ಕೆ ನೀರಿಡುವ ಹೊತ್ತಿಗೆ ಆ ಕಡೆಯಿಂದ ದಿನವೂ ಒಬ್ಬ ಹರೆಯದವನ ದನಿ: "ಅವ್ವಾ, ರೊಟ್ಟಿ ಸುಟ್ಟ ವಾಸನಿ ಬರಾಕತ್ತೈತಿ!" ಅದರ ಬೆನ್ನಿಗೇ ಒಂದು ನಗು, ಕೊನೆಯಲ್ಲಿ ಮೂಗಿನಿಂದ ಸೊರ್ ಎಂದು ಎಳೆಯುವಂಥದ್ದು. ನೀಲವ್ವ ಸುಮ್ಮನಿರುತ್ತಿರಲಿಲ್ಲ. "ಬರಲಿ ಬಿಡೋ, ನಿನ್ನ ಮೂಗಿಗೇನ ಬ್ಯಾರೆ ಕೆಲಸಿಲ್ಲೇನು?" ಸ್ವಲ್ಪ ಹೊತ್ತಿಗೆ ಅದೇ ಮಾತು ಚಿಕ್ಕ ಮಗುವಿನ ದನಿಯಲ್ಲಿ, ಅದೇ ನಗು. ಮತ್ತೆ ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಅದನ್ನೇ ಎಳೆದೆಳೆದು ಹೇಳುತ್ತಿದ್ದ.

ಮಗ, ಮೊಮ್ಮಗ, ಯಾರೋ ವಯಸ್ಸಾದ ನೆಂಟ, ಹೀಗೆ ಲೆಕ್ಕ ಹಾಕಿಕೊಂಡೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೆಳಿಗ್ಗೆ ನಲ್ಲಿಯ ಸರದಿಯಲ್ಲಿ ನೀಲವ್ವ ಒಬ್ಬಳೇ ಕೊಡ ಎತ್ತುವಾಗ, ಒಳಗೆ ಮೂರು ತಲೆಮಾರಿನ ಗಂಡಸರು ಒಂದೇ ಹಳಸಲು ತಮಾಷೆ ಮಾಡಿಕೊಂಡು ಕೂತಿದ್ದಾರೆ, ಒಬ್ಬನಿಗೂ ಬಂದು ಕೈಹಚ್ಚುವ ಬುದ್ಧಿಯಿಲ್ಲ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಒಂದು ಭಾನುವಾರ ಸಂಜೆ, ಆ ಹರೆಯದವನ ದನಿ ಕೇಳಿದ ಮರುಕ್ಷಣವೇ ಹೋಗಿ ಬಾಗಿಲು ಬಡಿದೆ.

"ನೀಲವ್ವ, ನಿಮ್ಮ ಮಗನ್ನ ಒಂದೀಟ ಕಳಸ್ತೀರೇನು? ನಮ್ಮ ಫ್ಯಾನ್ ನೋಡಬೇಕಾಗಿತ್ತು."

ಆಕೆ ಒಮ್ಮೆ ಹಿಂದಿರುಗಿ ಕೋಣೆಯನ್ನು ನೋಡಿದಳು, ಆಮೇಲೆ ನನ್ನನ್ನು. "ಈಗ ಇಲ್ರಿ ಅಕ್ಕಾರ. ಹೊರಗ ಹೋಗ್ಯಾನ."

ಅವಳ ಹೆಗಲ ಮೇಲಿಂದ ನನಗೆ ಇಡೀ ಕೋಣೆ ಕಾಣುತ್ತಿತ್ತು. ಒಂದು ಮಂಚ, ಒಲೆ, ರೊಟ್ಟಿ ಬುಟ್ಟಿ, ಸರಳು ಹಾಕಿದ ಒಂದು ಕಿಟಕಿ. ಬೇರೆ ಬಾಗಿಲಿಲ್ಲ. ಒಬ್ಬ ನರಮನುಷ್ಯನಿಲ್ಲ.

ಕೆಳಗಿನ ಮನೆಯ ಸುರೇಖಾತಾಯಿಯನ್ನು ನೀಲವ್ವನ ಮಗನ ಬಗ್ಗೆ ಕೇಳಿದೆ. ಆಕೆ ಮರಾಠಿಯಲ್ಲಿ "ಮಲ್ಲು? ತೋ ಗೇಲಾ ನಾ ಬಾಯಿ" ಎಂದಳು, ಅವನು ಹೋಗಿಬಿಟ್ಟನಲ್ಲ ಎಂದು ಕಣ್ಣೊರೆಸಿಕೊಂಡಳು. ಲಿಫ್ಟು ಕೂರಿಸುವ ಕೆಲಸಕ್ಕೆ ಹೋಗುತ್ತಿದ್ದನಂತೆ. ಕಟ್ಟುತ್ತಿದ್ದ ಒಂದು ಟವರಿನಲ್ಲಿ ಲಿಫ್ಟಿನ ಗುಂಡಿಗೆ ಬಿದ್ದು ತೀರಿಕೊಂಡು ಆಗಲೇ ವರ್ಷದ ಮೇಲಾಗಿತ್ತು. ಮದುವೆಯಾಗಿರಲಿಲ್ಲ. ಮೊಮ್ಮಗ ಎಲ್ಲಿಂದ ಬರಬೇಕು? ಮರುದಿನ ಸಂಜೆ ಗೋಡೆಯಾಚೆ ಮತ್ತೆ ಮೂರೂ ದನಿ ಕೇಳಿದವು. ಹೆದರಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬಾಗಿಲು ಹಾಕಿಕೊಂಡು, ಬೀದಿಗೆ ಬಂದು, ಸುಮ್ಮನೆ ಸ್ಟೇಷನ್ನಿನವರೆಗೆ ನಡೆದುಹೋದೆ.

ಸುರೇಖಾತಾಯಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ವಾಪಸು ಬರುವಷ್ಟರಲ್ಲಿ ನೀಲವ್ವ ನನ್ನ ಬಾಗಿಲ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಬಿಸಿ ರೊಟ್ಟಿ, ಇನ್ನೊಂದು ಕೈ ಸೆರಗಿನೊಳಗೆ.

"ಅಂಜಬ್ಯಾಡ್ರಿ ಅಕ್ಕಾರ. ಇಂವ ಯಾರಿಗೂ ಏನೂ ಮಾಡಾಂವಲ್ಲ" ಎಂದು ಸೆರಗಿನಿಂದ ಒಂದು ಪುಟ್ಟ ಯಂತ್ರ ತೆಗೆದಳು.

ಅದು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಯಂತ್ರ, ಡಬ್ಬಿಯ ಹಾಗೆ ಮಡಚುವಂಥದ್ದು, ಒಳಗೆ ಮೇಲೊಂದು ಕೆಳಗೊಂದು ಸ್ಕ್ರೀನು. ಮಲ್ಲು ಯಾರದೋ ಕೈಯಿಂದ ಹಳೆಯದನ್ನು ಕೊಂಡು, ಅದನ್ನು ನಡೆಸುವ ಒಳಗಿನ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್, ತೆಗೆದು ಬೇರೆ ಹಾಕಿಸಿದ್ದನಂತೆ. ಆಟ ಆಡಿದ್ದಕ್ಕಿಂತ ಅದರಲ್ಲಿ ಹಾಡು ಕೇಳಿದ್ದು, ಲೋಕಲಿನಲ್ಲಿ ನಿಂತು ಸಿನಿಮಾ ನೋಡಿದ್ದು, ಅವ್ವನ ಫೋಟೋ ತೆಗೆದು ಅದಕ್ಕೆ ಮೀಸೆ ಬರೆದದ್ದೇ ಹೆಚ್ಚು. ದನಿ ಹಿಡಿದಿಡುವ ಒಂದು ಸೌಕರ್ಯವೂ ಇತ್ತು. ಒಂದು ಉಸಿರಿನಷ್ಟು ಮಾತು ಮಾತ್ರ ಹಿಡಿಯುತ್ತಿತ್ತು. ಅವ್ವನನ್ನು ಬೆಚ್ಚಿಬೀಳಿಸಿ ಒಲೆಯ ಕಡೆ ಓಡಿಸಲು ಮಲ್ಲು ಆ ರೊಟ್ಟಿಯ ಮಾತನ್ನು ಹಿಡಿದಿಟ್ಟಿದ್ದ. ಅವನ ದನಿಯಲ್ಲಿ ಉಳಿದದ್ದು ಅದೊಂದೇ.

"ಇಲ್ಲಿ ನೋಡ್ರಿ" ಎಂದು ದನಿಯನ್ನು ಏರಿಸಿ ಇಳಿಸುವ, ಹೆಬ್ಬೆರಳಿನಡಿಯ ಸಣ್ಣ ಕಡ್ಡಿಯನ್ನು ತೋರಿಸಿದಳು. "ಇದನ್ನ ಮ್ಯಾಲ ದೂಡಿದ್ರ ನನ್ನ ತೊಡಿ ಮ್ಯಾಲ ಕುಂತಾಂವ ಆಕ್ಕಾನ. ನಡಕ ಬಿಟ್ರ ಹೆಂಗಿದ್ನೋ ಹಂಗ. ಕೆಳಗ ಎಳದ್ರ ಮುದುಕ ಆಕ್ಕಾನ."

ಮುದುಕನ ದನಿ ನನ್ನ ಬಾಗಿಲಲ್ಲೇ ಎಳೆದೆಳೆದು ನಕ್ಕಿತು. ನೀಲವ್ವನ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಕಂಡಿತು. "ಅವನ ಮುಪ್ಪ ನಾ ನೋಡೀನ್ರಿ, ಅಕ್ಕಾರ. ಯಾವ ತಾಯಿ ನೋಡ್ಯಾಳ ಹೇಳ್ರಿ, ಮಗನ ಮುಪ್ಪ?"

ನಾನು ರೊಟ್ಟಿ ಇಸಿದುಕೊಂಡೆ.

ಆಮೇಲೆ ಆ ದನಿಗಳು ನನಗೆ ಒಗ್ಗಿಹೋದವು. ಮಲ್ಲುವಿನ ಮಾತು ದಿನವೂ ಅದೇ, ನೀಲವ್ವನ ಉತ್ತರ ಮಾತ್ರ ದಿನಕ್ಕೊಂದು. ಕೇಂದ್ರದಲ್ಲಿ ಮಾಲಕಿ ಬೈದಿದ್ದರೆ "ನಿನ್ನ ರೊಟ್ಟಿ ಇರಲಿ, ಇವತ್ತ ನಾನ ಸುಟ್ಟ ಹೋಗೀನಿ" ಎಂದು ಅಂದಿನ ಕಥೆಯನ್ನೆಲ್ಲ ಹೇಳುತ್ತಿದ್ದಳು. ಹಬ್ಬವಿದ್ದರೆ "ರೊಟ್ಟಿ ಅಲ್ಲೋ, ಹೋಳಿಗಿ ಅದು" ಎಂದು ರೇಗಿಸುತ್ತಿದ್ದಳು. ಮಾತಾಡಿ ಮುಗಿಸಿ, ಡಬ್ಬಿ ಮಡಚಿ, ಉಣ್ಣಲು ಕೂರುತ್ತಿದ್ದಳು. ದುಃಖಕ್ಕೆ ಹೀಗೊಂದು ಶಿಸ್ತು ಇರಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ಆ ಯಂತ್ರಕ್ಕೊಂದು ಚಟವಿತ್ತು. ಚಾಳಿನ ಯಾರದೋ ವೈಫೈ ಹಿಡಿದುಕೊಂಡು, ತೆರೆದ ಕೂಡಲೇ ಇಂಗ್ಲಿಷಿನಲ್ಲೊಂದು ಚೀಟಿ ತೋರಿಸುತ್ತಿತ್ತು: ಹೊಸ ಫರ್ಮ್‌ವೇರ್ ಬಂದಿದೆ, ಈಗ ಅಪ್‌ಡೇಟ್ ಮಾಡಲೋ, ಆಮೇಲೋ? ಅದು ಏನು ಕೇಳುತ್ತಿದೆ ಎಂದು ನಾನು ಓದಿ ಹೇಳಿದೆ. ಎಡಗಡೆಯ 'ಈಗ' ಎಂಬುದನ್ನು ಎಂದೂ ಒತ್ತಬೇಡಿ, ಬಲಗಡೆಯ 'ಆಮೇಲೆ' ಎಂಬುದನ್ನೇ ಒತ್ತಿ ಎಂದೂ ಎಚ್ಚರಿಸಿದೆ. "ಗೊತ್ತೈತ್ರಿ, ಮಲ್ಲೂನೂ ಅದನ್ನ ಒತ್ತತಿದ್ದ" ಎಂದಳು ನೀಲವ್ವ. "ದಿನಾ ಕೇಳ್ತೈತಿ. ಪಾಪ, ಸಂಭಾವಿತ ಐತಿ, ಕೇಳದ ಏನೂ ಮಾಡೂದಿಲ್ಲ."

ಎರಡು ವರ್ಷ ಹೀಗೇ ನಡೆಯಿತು. ಒಂದು ಮಳೆಗಾಲದಲ್ಲಿ ಯಂತ್ರದ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತಿತು. ನೀಲವ್ವ ಸ್ಟೇಷನ್ ಹತ್ತಿರದ ಹಿಂದಿಯವರ ಅಂಗಡಿಗಳನ್ನೆಲ್ಲ ದಾಟಿ ವಸಂತಣ್ಣನ ಮೊಬೈಲ್ ರಿಪೇರಿ ಅಂಗಡಿಗೆ ಕೊಟ್ಟುಬಂದಳು. ವಸಂತಣ್ಣ ಕಾರ್ಕಳದ ಕಡೆಯವನು. "ನಮ್ಮ ಮಾತಿನಾಂವ ಅದಾನ, ತಿಳಿಸಿ ಹೇಳಬಹುದು" ಎಂಬುದು ಅವಳ ಧೈರ್ಯ. ಮರುದಿನ ಸಂಜೆ ತರಲು ಹೋಗುವಾಗ ಬಾ ಎಂದು ನನ್ನನ್ನೂ ಕರೆದುಕೊಂಡು ಹೋದಳು.

ವಸಂತಣ್ಣ ಒಳ್ಳೆಯ ಕೆಲಸ ಮಾಡಿದವನ ಖುಷಿಯಲ್ಲಿದ್ದ. "ನೋಡಿ ಅಮ್ಮ, ಹೊಸ ಬ್ಯಾಟರಿ ಹಾಕಿದ್ದೇನೆ. ಮತ್ತೆ ನೀವು ಹೇಳಿದ ಹಾಗೆ ದೊಡ್ಡದು ಸಾ ಮಾಡಿದ್ದೇನೆ."

"ಏನು ದೊಡ್ಡದು?" ನಾನು ಕೇಳಿದೆ.

"ವರ್ಷನ್, ಮೇಡಂ. ಚೀಟಿ ಬರ್ತದೆ, ಅದನ್ನು ದೊಡ್ಡದು ಮಾಡಿಬಿಡಿ ಅಂತ ಹೇಳಿದ್ರಲ್ಲ ಅಮ್ಮ. ಅಪ್‌ಡೇಟ್ ಮಾಡಿದೆ. ಒಳಗೆ ಯಾರೋ ಬೇರೆ ಎಂಥದೋ ಫರ್ಮ್‌ವೇರ್ ಹಾಕಿದ್ರು, ಅದರ ಮೇಲೆ ಹೊಸತು ಕೂತುಕೊಳ್ಳುವುದಿಲ್ಲ ಮಾರಾಯ್ರೆ. ಎಲ್ಲ ಒರೆಸಿ ಫ್ರೆಶ್ ಹಾಕ್ಬೇಕಾಯ್ತು. ಮೆಮೊರಿ ಕಾರ್ಡ್ ಸಾ ದೊಡ್ಡದು. ಇನ್ನು ವಿಡಿಯೋ ಎಲ್ಲ ಚಂದ ಓಡ್ತದೆ."

ನೀಲವ್ವ ಅವನಿಗೆ ಹೇಳಿದ್ದು ಆ ಕಾಡುವ ಚೀಟಿಯನ್ನು ನಿಲ್ಲಿಸು ಎಂದು. ದೀಪಕ್ಕೆ ಹೇಳುವ ಹಾಗೆ, ಮರ್ಯಾದೆಯಿಂದ ಹೇಳಿದ್ದಳು. ಅವನ ಊರಿನಲ್ಲಿ ದೊಡ್ಡದು ಮಾಡುವುದೆಂದರೆ ದೊಡ್ಡದು ಮಾಡುವುದೇ. ಯಾವನೋ ಹಿಂದಿಯವನಿಗೆ ಕೊಟ್ಟು, ಅವಳ ಹರಕು ಹಿಂದಿಯಲ್ಲಿ "ಬಂದ್ ಕರೋ" ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಕನ್ನಡದವನೆಂದು ಹುಡುಕಿಕೊಂಡು ಹೋಗಿ ಕನ್ನಡದಲ್ಲಿ ಹೇಳಿದ್ದೇ ಕೆಟ್ಟಿತು.

ಆಕೆ ಡಬ್ಬಿ ತೆರೆದಳು. ಸ್ಕ್ರೀನಿನಲ್ಲಿ ಹೊಸ ಬಣ್ಣ, ಹೊಸ ಗುಂಡಿಗಳು. ದನಿ ಕೇಳಲು ಒತ್ತುವ ಪುಟ್ಟ ಚಿತ್ರ ಬೇರೆ ಮೂಲೆಗೆ ಹೋಗಿತ್ತು. ಹುಡುಕಿ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿ, ಯಂತ್ರವನ್ನು ಕಿವಿಗೆ ಹಿಡಿದಳು. ಅಲ್ಲಿ ಬರೆದದ್ದನ್ನು ನಾನು ಓದಿದೆ: ಇನ್ನೂ ಯಾವ ದನಿಯನ್ನೂ ಹಿಡಿದಿಲ್ಲ, ಹೊಸದಾಗಿ ಶುರು ಮಾಡಿ. ಇದನ್ನು ಅವಳಿಗೆ ಯಾವ ಮಾತಿನಲ್ಲಿ ಹೇಳಬೇಕೆಂದು ತಿಳಿಯದೆ ವಸಂತಣ್ಣನಿಗೆ ಹೇಳಿದೆ. ಅವನು "ಅಯ್ಯೋ ದೇವರೇ, ಹಳೇ ಕಾರ್ಡಿನಲ್ಲಿ ಉಂಟೋ ನೋಡುವ" ಎಂದು ಅದನ್ನು ಹಾಕಿ ನೋಡಿದ. ಅದರಲ್ಲಿ ಹಾಡುಗಳಿದ್ದವು, ಮೀಸೆ ಬರೆದ ಫೋಟೋಗಳಿದ್ದವು. ದನಿ ಇದ್ದದ್ದು ಯಂತ್ರದ ಹೊಟ್ಟೆಯಲ್ಲಿ. ಆಮೇಲೂ ಅವನು ವಾರಗಟ್ಟಲೆ ಕಂಪ್ಯೂಟರಿಗೆ ಜೋಡಿಸಿ, ತಿಳಿದವರನ್ನೆಲ್ಲ ಕೇಳಿ ಒದ್ದಾಡಿದ. ಸಿಗಲಿಲ್ಲ.

ನೀಲವ್ವ ಅವನನ್ನು ಬೈಯಲಿಲ್ಲ. "ಬಿಡಪ್ಪ. ನಾ ಏನ ಹೇಳೀನಿ ಅದನ್ನ ನೀ ಮಾಡೀದಿ" ಎಂದಳಷ್ಟೇ. ಮನೆ ಸೇರಿದ ಮೇಲೆ ನಾನು ಅವಳ ಕೋಣೆಯ ಲೈಟು ಹಾಕಿದೆ. ಆಕೆ ಮಂಚದ ಮೇಲೆ ಕುಳಿತು, ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ಲೈಟ ಆರಸ್ರಿ, ಅಕ್ಕಾರ."

ಆ ಶಬ್ದ ಅವಳ ಬಾಯಿಂದ ಬಂದದ್ದನ್ನು ಅದೇ ಮೊದಲು ಕೇಳಿದ್ದು. ಅಂದಿನಿಂದ ನೀಲವ್ವನ ಮನೆಯಲ್ಲಿ ಅಕ್ಕಿ ಮುಗಿಯತೊಡಗಿತು, ಬಳೆ ಒಡೆಯತೊಡಗಿದವು. ನಲ್ಲಿಯ ಹತ್ತಿರ ಹೊಸ ಬಾಡಿಗೆಯ ಹೆಂಗಸು ಮಕ್ಕಳೆಷ್ಟು ಎಂದು ಕೇಳಿದಾಗ "ಸೋಲಾಪುರದಾಗ ಒಬ್ಬಾಕಿ ಮಗಳದಾಳ. ಮಗ ಇದ್ದ, ಸತ್ತ" ಎಂದಳು, ಕೊಡದಿಂದ ಕಣ್ಣೆತ್ತದೆ. ಅದುವರೆಗೆ ಅವಳ ಬಾಯಲ್ಲಿ ಅವನು ಹೊರಗೆ ಹೋಗಿದ್ದ, ಅಷ್ಟೇ. ಸಂಜೆ ಗೋಡೆಯಾಚೆ ಸದ್ದಿಲ್ಲ. ದೆವ್ವವೆಂದು ಹೆದರಿ ಓಡಿದ್ದ ನಾನೇ ಈಗ ಚಹಾ ಕೈಯಲ್ಲಿ ಹಿಡಿದು ಆ ದನಿಗಾಗಿ ಕಾಯುತ್ತಿದ್ದೆ. ದನಿ ಕೇಳಿ ಹುಟ್ಟಿದ್ದಕ್ಕಿಂತ ದೊಡ್ಡ ಭಯ ಆ ಮೌನದಲ್ಲಿತ್ತು.

ದಸರೆ ಕಳೆದ ಮೇಲೆ ಒಂದು ಸಂಜೆ ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಜಾರಿ ಬಿತ್ತು. ಗೋಡೆಯಾಚೆ ಮಲ್ಲು ಮಾತಾಡುತ್ತಿದ್ದ. "ಅವ್ವಾ, ರೊಟ್ಟಿ ಸುಟ್ಟ ವಾಸನಿ ಬರಾಕತ್ತೈತಿ!" ಹೌದು, ಅವನೇ, ಆದರೆ ನೆಗಡಿಯಾದವನ ಹಾಗೆ ದಪ್ಪಗೆ. ಸಿಕ್ಕಿತೇನೋ ಎಂದು ಓಡಿದೆ. ಬಾಗಿಲು ತೆರೆದೇ ಇತ್ತು. ನೀಲವ್ವ ಡಬ್ಬಿಯನ್ನು ಬಾಯಿಗೆ ಹಿಡಿದು ತಾನೇ ಆ ಮಾತು ಹೇಳಿ, ಕಡ್ಡಿಯನ್ನು ಕೂದಲೆಳೆಯಷ್ಟು ಕೆಳಗೆ ಎಳೆದು ಕೇಳಿಸಿಕೊಳ್ಳುತ್ತಿದ್ದಳು.

"ನನ್ನ ದನಿ ಒಂದೀಟ ಇಳಿಸಿದ್ರ ಅಂವ ಬರ್ತಾನ್ರಿ" ಎಂದಳು. "ಹೊಟ್ಟ್ಯಾಗ ಇದ್ದಾಂವ, ಎಲ್ಲಿ ಹೋಗ್ತಾನ?"

ಸಂತೋಷಪಡಬೇಕಿತ್ತು. ಆದರೆ ನಾನು "ಇದು ಬ್ಯಾಡ ನೀಲವ್ವ, ತಲಿ ಕೆಡಿಸ್ಕೋತೀರಿ" ಎಂದು ಗದರಿದೆ. ಆಕೆ ತಲೆಯಾಡಿಸಿದಳು, ಬಿಡಲಿಲ್ಲ. ದಿನದಿಂದ ದಿನಕ್ಕೆ ಮಾತು ಪಳಗಿತು. ನೆಗಡಿ ಹೋಯಿತು, ಅವನ ಎಳೆತ ಬಂತು, ಅವನ ತುಂಟತನ ಬಂತು. ಬಾರದ್ದು ಆ ನಗು. ಮೂಗಿನಿಂದ ಸೊರ್ ಎಂದು ಎಳೆಯುವ ಅವನ ನಗುವನ್ನು ಆಕೆ ನಗಲು ನೋಡುತ್ತಿದ್ದಳು, ಕೇಳುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ನಗುತ್ತಿದ್ದಳು. ಸತ್ತ ಮಗನ ನಗುವನ್ನು ಒಬ್ಬ ಮುದುಕಿ ಹಲಗೆಯಾಚೆ ಕುಳಿತು ಕಲಿಯುವುದನ್ನು ಕೇಳಿದವರಿಗೇ ಗೊತ್ತು ಅದೆಂಥದೆಂದು. ಮೊದಲಿನ ಮಲ್ಲು ಮಾತಾಡಿ ಮುಗಿಸಿ ಅವಳನ್ನು ಊಟಕ್ಕೆ ಬಿಡುತ್ತಿದ್ದ. ಈ ಮಲ್ಲು ಬಿಡುತ್ತಿರಲಿಲ್ಲ. ಕೇಂದ್ರಕ್ಕೆ ಹೋಗುವುದು ತಪ್ಪತೊಡಗಿತು. ನಾನು ಕೊಟ್ಟ ಪಲ್ಯ ಬೆಳಿಗ್ಗೆಯವರೆಗೂ ಹಾಗೇ ಇರುತ್ತಿತ್ತು. ಕೊರಳ ಮೂಳೆ ಕಾಣುವಷ್ಟು ಇಳಿದುಹೋದಳು. ಮಗಳಿಗೆ ಫೋನು ಮಾಡಲೇ ಎಂದು ಕೇಳಿದರೆ "ಬ್ಯಾಡ್ರಿ, ನಗೀ ಒಂದ ಬಂದ್ರ ಸಾಕು" ಎನ್ನುತ್ತಿದ್ದಳು.

ಆಮೇಲೊಂದು ಸಂಜೆ ನಗುವಿನ ಪಾಠ ಕೇಳಲಿಲ್ಲ. ಬದಲಿಗೆ ಮಲ್ಲುವಿನ ದನಿ ಬಂತು. ನಾನು ಎಂದೂ ಕೇಳಿರದ ಮಾತು ಅದು, ಮೆಲ್ಲಗೆ, ತುಂಟತನವಿಲ್ಲದೆ.

"ಸಾಕವ್ವ. ಇನ್ನ ಉಂಡು ಮಲಕೊ."

ನೀಲವ್ವನ ಉತ್ತರ: "ಹೂಂ." ತಾಟು ಎಳೆದ ಸದ್ದು ಕೇಳಿತು.

ಮರುದಿನ ನಲ್ಲಿಯ ಹತ್ತಿರ ನಾನೇ ಮಾತು ತೆಗೆದೆ. "ನಿನ್ನೆ ಹೊಸದೊಂದು ಕೇಳಿದಂಗಾತಲ್ಲ ನೀಲವ್ವ."

"ಹೌದ್ರಿ" ಎಂದು ಕೊಡ ಕೆಳಗಿಟ್ಟಳು. "ಸಾಕು ಅಂತ ನನಗ ಹೇಳಾವ್ರು ಯಾರದಾರ ಹೇಳ್ರಿ? ನಿಮ್ಮ ಮಾತ ನಾ ಕೇಳಲಿಲ್ಲ. ಅದಕ್ಕ ಅವನ ಕಡಿಂದನ ಹೇಳಿಸಿದೆ. ಅವನ ಮಾತ ನಾ ಮೀರಾಂಗಿಲ್ಲ."

ಮೀರಲಿಲ್ಲ. ಮತ್ತೆ ಕೇಂದ್ರಕ್ಕೆ ಹೋದಳು, ಮತ್ತೆ ಉಂಡಳು. ಸಂಜೆಗೊಮ್ಮೆ ಅದೊಂದು ಮಾತು ಕೇಳಿ, ಹೂಂ ಎಂದು ಡಬ್ಬಿ ಮಡಚುತ್ತಿದ್ದಳು. ಆದರೆ ಹೋದ ಜೀವ ಪೂರ್ತಿ ಮರಳಿರಲಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ನಾನು ಆಫೀಸಿನಲ್ಲಿದ್ದಾಗ ಸುರೇಖಾತಾಯಿಯ ಫೋನು ಬಂತು, ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಸೋಲಾಪುರದಿಂದ ಮಗಳು ರೇಣುಕಾ ಬಂದಳು. ಮಣ್ಣು ಮಾಡಿ ಬಂದ ಮೇಲೆ ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಆಕೆ ತಾಯಿಯ ಮಂಚದ ಮೇಲೆ ಕುಳಿತವಳು ಏಳಲಿಲ್ಲ, ಹನಿ ನೀರು ಮುಟ್ಟಲಿಲ್ಲ. ಕೊನೆಯ ಗಳಿಗೆಯಲ್ಲಿ ಅವ್ವ ತನಗೆ ಒಂದು ಮಾತನ್ನೂ ಹೇಳಲಿಲ್ಲ ಎಂಬುದೇ ಅವಳ ಸಂಕಟ. ಸಂಜೆ ನಾನು ತಾಟಿನಲ್ಲಿ ಅನ್ನ, ಪಲ್ಯ ಹಾಕಿಕೊಂಡು ಹೋದಾಗ ದಿಂಬಿನಡಿ ಸಿಕ್ಕ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಇದು ಮಲ್ಲೂಂದಲ್ರಿ? ಅವನ ದನಿ ಅಳಿಸಿ ಹೋತು ಅಂತ ಅವ್ವ ಫೋನಿನ್ಯಾಗ ಅತ್ತಿದ್ಲು" ಎನ್ನುತ್ತ ದನಿಗಳ ಪಟ್ಟಿಯಲ್ಲಿದ್ದ ಒಂದೇ ಒಂದು ಗುರುತನ್ನು ಒತ್ತಿದಳು.

ಕಡ್ಡಿ ಎಲ್ಲಿ ನಿಂತಿತ್ತೋ ಯಂತ್ರ ಅದನ್ನು ನೆನಪಿಟ್ಟುಕೊಂಡಿತ್ತು. "ಸಾಕವ್ವ. ಇನ್ನ ಉಂಡು ಮಲಕೊ."

"ಅಯ್ಯ, ನಮ್ಮ ಮಲ್ಲು! ಐತಲ್ರಿ, ಇವನ ದನಿ ಇನ್ನೂ ಐತಲ್ರಿ!" ರೇಣುಕಾ ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ಹೇಳಬೇಕೋ ಬೇಡವೋ ತಿಳಿಯದೆ ನಾನು ತಾಟು ಹಿಡಿದು ನಿಂತೆ. ಆಕೆ ಕಣ್ಣೊರೆಸಿಕೊಂಡು ಮತ್ತೊಮ್ಮೆ ಕೇಳಲು ಒತ್ತಿದಳು. ಹೆಬ್ಬೆರಳು ಕಡ್ಡಿಗೆ ತಾಗಿ, ಅದು ಸರಿದು ನಡುವೆ ಬಂತು.

ಬಂದದ್ದು ನೀಲವ್ವನ ದನಿ. ಇಳಿಸದ, ಏರಿಸದ, ಅವಳದೇ ದನಿ. ನಮ್ಮ ಕಡೆ ತಾಯಿ ಮಗಳನ್ನು ಕರೆಯುವುದೂ ಅವ್ವಾ ಎಂದೇ.

"ಸಾಕವ್ವ. ಇನ್ನ ಉಂಡು ಮಲಕೊ."

ರೇಣುಕಾ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಕೈಯಲ್ಲಿದ್ದುದನ್ನು ನೋಡಿದಳು. "ಹೂಂ ಅವ್ವ" ಎಂದಳು, ನನ್ನ ಕೈಯಿಂದ ತಾಟು ಇಸಿದುಕೊಂಡಳು. ಪ‌ಲ್ಯ ತಣ್ಣಗಾಗಿತ್ತು. ಬಿಸಿ ಮಾಡಿಕೊಡುತ್ತೇನೆಂದೆ. ಬೇಡವೆಂದು ತಲೆಯಾಡಿಸಿ ಉಣ್ಣತೊಡಗಿದಳು.